ಹಿಮ್ಮಡಿ ಊರದ ಓಟ

ಸರ್ವರಿ ಬಾವಿಯ ರಾಟೆಗೆ ಎಣ್ಣೆ ಬಿಡುತ್ತಿದ್ದಳು. ಔಡಲೆಣ್ಣೆಯಲ್ಲಿ ಅದ್ದಿದ ಅರಿವೆಯ ತುದಿಯನ್ನು ರಾಟೆಯ ಸಂದಿಗೆ ಹಿಂಡಿ, ಹಗ್ಗವನ್ನು ಒಮ್ಮೆ ಮೇಲೆ ಒಮ್ಮೆ ಕೆಳಗೆ ಜಗ್ಗಿ ನೋಡಿದಳು. ಕಿರುಗುಟ್ಟದೆ ತಿರುಗಿತು. ತುಂಬಿದ ಕೊಡ ಮೇಲೆ ಬಂದಾಗ ಕಟ್ಟೆಗೆ ತಾಗದಂತೆ ಅಂಗೈ ಒಡ್ಡಿ ಹಿಡಿದು, ಅರಿವೆಯ ಸಿಂಬಿಯ ಮೇಲೆ ಮೆಲ್ಲಗೆ ಕೂಡಿಸಿದಳು. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದಳು, ಅವೂ ಮಾತಾಡಬಾರದೆಂದು.

ಆ ಮನೆಯಲ್ಲಿ ಬೆಳಗೆಂದರೆ ರಾತ್ರಿ. ಅವಳ ಅಬ್ಬಾ ಮಹಮ್ಮದ್ ಹುಸೇನ್ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ರಾತ್ರಿಯಿಡೀ ಭತ್ತ ಕುದಿಸಿ, ನಸುಕಿನ ನಮಾಜು ಮುಗಿಸಿ ಬಂದು, ಒಂದು ಬಟ್ಟಲು ಚಹಾ ಕುಡಿದು ಪಡಸಾಲೆಯ ಮಂಚಕ್ಕೆ ಮೈಚಾಚಿದರೆ ಮಧ್ಯಾಹ್ನದವರೆಗೆ ನಿದ್ದೆ. ಆಮೇಲೆ ಸರ್ವರಿ ಪಾದ ಮುಟ್ಟಿ ಎಬ್ಬಿಸಬೇಕು.

ಅಮ್ಮಿ ತೀರಿಕೊಂಡ ವರ್ಷ ಅವಳು ಏಳನೆಯ ತರಗತಿಗೇ ಸಾಲಿ ಬಿಟ್ಟು ಒಲೆಯ ಮುಂದೆ ಕೂತವಳು. ಅಂದಿನಿಂದ ಈ ಏಳು ವರ್ಷ ಅಬ್ಬಾನ ನಿದ್ದೆ ಕಾಯುವುದು ಅವಳ ಪಾಲಿಗೆ ಬಂತು. ಮಾತು ಕಡಿಮೆಯಾದಷ್ಟೂ ಕಣ್ಣು ಚುರುಕಾಯಿತು. ಯಾರ ಚಪ್ಪಲಿ ಯಾವ ಮಗ್ಗುಲಿಗೆ ಸವೆದಿದೆ, ಎದುರುಮನೆಯ ಬಂಡೆಮ್ಮ ಇವತ್ತು ಯಾರ ಮೇಲಿನ ಸಿಟ್ಟಿಗೆ ಮಜ್ಜಿಗೆ ಕಡೆಯುತ್ತಿದ್ದಾಳೆ, ಕೂತಲ್ಲಿಂದಲೇ ಹೇಳಬಲ್ಲಳು. ಹೇಳುತ್ತಿರಲಿಲ್ಲ, ಅಷ್ಟೇ.

ಎಪ್ಪತ್ತೊಂಬತ್ತನೆಯ ಇಸವಿ. ಸಂಕ್ರಾಂತಿ ಕಳೆದು ವಾರವಾಗಿತ್ತು. ಆ ಬೆಳಗ್ಗೆ ರಾಟೆ ಸುಮ್ಮನಾದರೂ ಓಣಿ ಸುಮ್ಮನಿರಲಿಲ್ಲ.

ಠಣ್, ಠಣ್, ಠಣ್.

ಪರಸಿಗಲ್ಲು ಹಾಸಿದ ಓಣಿಯ ಆ ತುದಿಯಿಂದ ಕುದುರೆ ಬಂದ ಹಾಗೆ ಸದ್ದು. ಸರ್ವರಿ ಕದ ತೆರೆದು ನೋಡಿದಳು. ಖಾಕಿ ಚಡ್ಡಿ, ಬಿಳಿ ಬನಿಯನ್ನು, ಕಾಲಿಗೆ ಪೊಲೀಸರ ಹಳೆಯ ಕರಿ ಬೂಟು ತೊಟ್ಟ ಉದ್ದನೆಯ ಹುಡುಗನೊಬ್ಬ ಓಡಿಹೋದ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ದಿಕ್ಕಿನಿಂದ ಬಂದ. ಸಂತೆಯ ಬಯಲು ದಾಟಿ ಸುತ್ತು ಹಾಕುತ್ತಿದ್ದಾನೆ ಅಂದುಕೊಂಡಳು. ತಿರುಗಿ ನೋಡಿದರೆ ಅಬ್ಬಾ ಎದ್ದು ಕೂತು ತಲೆ ಹಿಡಿದುಕೊಂಡಿದ್ದರು. ಪೂರ್ವದ ಬಾಗಿಲಿನಿಂದ ಎಳೆಬಿಸಿಲು ಮಂಚದವರೆಗೆ ಬಿದ್ದಿತ್ತು.

ಮರುದಿನವೂ ಅದೇ. ಸದ್ದು ಬಂತು, ಅವಳು ಕದ ತೆರೆದಳು, ಅಬ್ಬಾ ಎದ್ದು ಕೂತರು. ಮೂರನೆಯ ದಿನ ಸರ್ವರಿ ಓಢಣಿಯನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲಾಚೆ ನಿಂತಳು. ಎದೆ ಅವನ ಬೂಟಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ಏನ್ರೀ..."

ಅವನು ಗಕ್ಕನೆ ನಿಂತ. "ನನಗ ಅಂದ್ರೇನ್ರಿ?"

ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಂಡೆಮ್ಮನ ಎಮ್ಮೆ ಇತ್ತು.

"ಸಪ್ಪಳ... ಒಳಗ ಅಬ್ಬಾ ಮಲಗ್ಯಾರ. ರಾತ್ರಿಪಾಳಿ ಮಾಡಿ ಬಂದಾರ. ದಿನಾ ಎದ್ದು ಕುಂದ್ರಾಕತ್ಯಾರ."

ಅವನು ತನ್ನ ಬೂಟುಗಳನ್ನು, ಮನೆಯ ಮರ್ಯಾದೆ ಕಳೆದ ಮಕ್ಕಳನ್ನು ನೋಡಿದ ಹಾಗೆ ನೋಡಿದ.

"ತಪ್ಪಾತ್ರಿ. ಹಿಮ್ಮಡಿಗೆ ಕಬ್ಬಿಣದ ಲಾಳ ಬಡಿಸ್ಯಾರ. ಇವಕ್ಕ ಯಾರು ಎದ್ದಾರ, ಯಾರು ಮಲಗ್ಯಾರ ಒಂದೂ ತಿಳಿಯಂಗಿಲ್ಲ."

ಅಷ್ಟಂದು ಎರಡೂ ಹಿಮ್ಮಡಿ ಎತ್ತಿದ. ಕೈಗಳನ್ನು ಅಕ್ಕಪಕ್ಕಕ್ಕೆ ಚಾಚಿ, ಹಾಲಿನ ಗಡಿಗೆ ಹತ್ತಿರ ಹೋಗುವ ಬೆಕ್ಕಿನ ಹಾಗೆ ತುದಿಗಾಲಲ್ಲಿ ಓಣಿಯ ಕೊನೆವರೆಗೆ ಓಡಿದ. ಒಂದಿಷ್ಟೂ ಸದ್ದಿಲ್ಲ. ಮೂಲೆಯಲ್ಲಿ ನಿಂತು ತಿರುಗಿ ನೋಡಿದ. ಸರ್ವರಿ ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ಮನೆಯಲ್ಲಿ ನಗುವನ್ನೂ ಮೆಲ್ಲಗೆ ನಗಬೇಕಿತ್ತು.

*

ಮರುದಿನದಿಂದ ಅವಳು ಅಕ್ಕಿ ಆರಿಸುವ ಮೊರವನ್ನು ಹೊರಗಿನ ಕಟ್ಟೆಗೆ ತಂದುಕೊಂಡಳು. ಬಾಗಿಲನ್ನು ಬೆನ್ನ ಹಿಂದೆ ಎಳೆದು ಮುಚ್ಚಿ ಕೂರುತ್ತಿದ್ದಳು. ಅವನು ತುದಿಗಾಲಲ್ಲಿ ಗಾಳಿಯ ಹಾಗೆ ಬರುತ್ತಿದ್ದ, ಹೋಗುತ್ತಿದ್ದ. ಒಳಗೆ ಅಬ್ಬಾ ಮಧ್ಯಾಹ್ನದವರೆಗೆ ಮಗ್ಗಲು ಬದಲಿಸದೆ ಮಲಗಿದರು. ಹೇಳಿದ ಮಾತು ಕೇಳಿದನಲ್ಲ ಎಂದು ಸರ್ವರಿಗೆ ಒಳಗೊಳಗೇ ಹಿಗ್ಗು.

ಮಾತು ಸುತ್ತಿಗೊಂದು ತುಂಡಾಗಿ ಬರತೊಡಗಿತು.

"ಹೆಸರೇನ್ರಿ?" ಎಂದು ಕೇಳುತ್ತ ಹೋದ ಒಂದು ದಿನ. ಅವನು ಊರು ಬಳಸಿ ಬರುವಷ್ಟರಲ್ಲಿ ಅವಳು ಹೇಳಲೋ ಬೇಡವೋ ಎಂದು ಒಂದು ಹಿಡಿ ಅಕ್ಕಿ ಆರಿಸಿದಳು.

"ಸರ್ವರಿ," ಅಂದಳು, ಮೊರಕ್ಕೇ ಹೇಳಿದ ಹಾಗೆ.

ಮುಂದಿನ ಸುತ್ತು: "ಚೊಲೊ ಅದ."

ಅದರ ಮುಂದಿನ ಸುತ್ತು ಅವಳು ತಲೆ ಎತ್ತದೆ ಕೇಳಿದಳು: "ಏನು?"

ಉತ್ತರ ಬರಲು ಮತ್ತೊಂದು ಸುತ್ತು. "ಹೆಸರ್ರೀ. ಮತ್ತೇನು?" ಕಣ್ಣಂಚಿನಲ್ಲಿ ನಕ್ಕು ಮೂಲೆಯಲ್ಲಿ ಮಾಯವಾದ.

ಅವನ ಹೆಸರು ಹೇಳಿದ್ದು ಬಂಡೆಮ್ಮ. ಮಜ್ಜಿಗೆ ಮಾರುವ ಹೆಂಗಸು; ಬಾಯಿ ಜೋರು, ಮನಸ್ಸು ಮೆತ್ತಗೆ.

"ಯಾಕ ಬೇ ಸರ್ವರಿ, ದಿನಾ ಅಕ್ಕಿ ಆರಿಸಾಕತ್ತಿ? ಕಲ್ಲು ನೀನ ಹಾಕಿ ನೀನ ತಗೀತಿ ಏನು?"

ಸರ್ವರಿಯ ಕಿವಿ ಬಿಸಿಯಾಯಿತು. "ಸೊಸೈಟಿ ಅಕ್ಕಿ, ಕಲ್ಲು ಭಾಳ."

"ಹೌದವಾ, ಭಾಳ. ಆ ಕಲ್ಲಿನ ಹೆಸರು ಖಾಜಾ ಅಂತ. ಸೈಕಲ್ ಅಂಗಡಿ ಜಿಲಾನಿ ಪಾಷಾನ ತಂಗಿ ಮಗ. ದೇವದುರ್ಗದ ಕಡಿ ಗಬ್ಬೂರು. ಅಪ್ಪ ಇಲ್ಲ. ಅವರವ್ವ ದಾವಲ್ ಬೀ ಒಬ್ಬಾಕಿನ ಅದಾಳ. ಅಲ್ಲಿ ಚೀಲ ಹೊರಾಕತ್ತಿದ್ದ. ಈಗ ಪೊಲೀಸ ಆಗ್ತೀನಂತ ಮಾಮಾನ ಮನ್ಯಾಗ ಇದ್ದು ಓಡಾಕತ್ಯಾನ. ರಾಯಚೂರಾಗ ಸೆಲೆಕ್ಷನ್ ಅದ ಅಂತ. ಈ ಸಲ ಆಗಲಿಲ್ಲಂದ್ರ ವಯಸ್ಸು ಮೀರ್ತದಂತ. ಆಮ್ಯಾಲ ಹೊಳ್ಳಿ ಗಬ್ಬೂರು, ಹೊಳ್ಳಿ ಚೀಲ."

ತಮ್ಮ ಮನೆಯಲ್ಲಿ ಕನ್ನಡದೊಂದಿಗೆ ಬೆರೆತು ಬರುವ ಉರ್ದು ಅವನ ಮನೆಯ ಮಾತೂ ಹೌದೆಂದು ಅವತ್ತು ಗೊತ್ತಾಯಿತು. ಆದರೂ ಅವರಿಬ್ಬರ ಮಾತು ಕನ್ನಡದಲ್ಲೇ ಉಳಿಯಿತು. ಮೊದಲ ಮಾತು ಯಾವುದರಲ್ಲಿ ಹುಟ್ಟಿತೋ ಅದರಲ್ಲೇ ಬೆಳೆಯಲಿ ಅಂತ ಇಬ್ಬರೂ ಬಿಟ್ಟ ಹಾಗಿತ್ತು.

*

ನೋವನ್ನು ಅವಳು ಅವನಿಗಿಂತ ಮೊದಲು ಕಂಡಳೇನೋ.

ಒಂದು ಬೆಳಗ್ಗೆ ಅವನ ಎಡಗಾಲು ಬಲಗಾಲಿಗಿಂತ ಬೇಗ ನೆಲ ಬಿಡುತ್ತಿತ್ತು, ಸುಡುವ ಕಲ್ಲು ತುಳಿದವರ ಹಾಗೆ. ಇನ್ನೊಂದು ದಿನ ಮೂಲೆಯ ಬೇವಿನ ಗಿಡ ಹಿಡಿದು ನಿಂತು, ಬಗ್ಗಿ, ಮೀನಖಂಡವನ್ನು ಎರಡೂ ಕೈಯಿಂದ ಹಿಚುಕಿಕೊಂಡ. ಅವಳು ನೋಡುತ್ತಿದ್ದಾಳೆಂದು ತಿಳಿದ ಕೂಡಲೇ ನೆಟ್ಟಗಾಗಿ, ಬೇವಿನ ಎಲೆ ಕಿತ್ತು ಪರೀಕ್ಷೆ ಮಾಡುವವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಸುತ್ತುಗಳು ಕಡಿಮೆಯಾದವು. ಸುತ್ತು ಕಡಿಮೆಯಾದಷ್ಟು ಮಾತೂ ಕಡಿಮೆ.

ಆಮೇಲೆ ಕೆಲವು ದಿನ ಅವನು ಬರಲೇ ಇಲ್ಲ. ಸರ್ವರಿ ಅಕ್ಕಿ ಆರಿಸಿದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ಬಂಡೆಮ್ಮನೂ ಕೀಟಲೆ ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮತ್ತೆ ಬಂದಾಗ ಖಾಜಾ ಓಡಿ ಬರಲಿಲ್ಲ, ಕುಂಟುತ್ತ ಬಂದು ಬಂಡೆಮ್ಮನ ಕಟ್ಟೆಯ ಮೇಲೆ ಕೂತ. ಬಂಡೆಮ್ಮ ಲೋಟ ತುಂಬ ಮಜ್ಜಿಗೆ ಕೊಟ್ಟು, ಕಾಲನ್ನು ತನ್ನ ಮಗನದೇ ಎನ್ನುವ ಹಾಗೆ ಎಳೆದು ಒತ್ತಿ ನೋಡಿದಳು.

"ಎವ್ವಾ! ಇದೇನು ಕಾಲೋ, ರುಬ್ಬೋ ಗುಂಡೋ?"

"ಒತ್ತಬ್ಯಾಡ ಯವ್ವಾ, ಜೀವ ಹೋಗ್ತದ."

"ಡಾಕ್ಟರು ಏನಂದ್ರು?"

"ಮೀನಖಂಡ ಜಗ್ಗೇದ, ಓಡಬ್ಯಾಡ, ಅರಾಮ ಮಾಡು ಅಂದ್ರು. ಮಾಡಿದೆ. ಕಡಿಮಿ ಆತು. ಓಡಿದೆ. ಹೊಳ್ಳಿ ಬಂತು. ಮಾಮಾ ನೀಲಗಿರಿ ಎಣ್ಣಿ ಹಚ್ಚಿ ಸೈಕಲ್ ಟೈರ್ ತಿಕ್ಕಿದಂಗ ತಿಕ್ಕಿದ, ಅದಕ್ಕ ಇನ್ನೂ ಬಾತದ. ರಾತ್ರಿ ಹಾಸಿಗಿ ಮ್ಯಾಲ ಕಾಲು ಚಾಚಿದ್ರ ಒಳಗ ಯಾರೋ ಹಗ್ಗ ಹೊಸಿದಂಗ ಆಗ್ತದ."

"ಸೆಲೆಕ್ಷನ್?"

"ಮುಂದಿನ ತಿಂಗಳು." ಮಜ್ಜಿಗೆಯ ಲೋಟದೊಳಗೆ ನೋಡುತ್ತ ಹೇಳಿದ. "ಹಿಂಗ ಇದ್ರ ಗಬ್ಬೂರು ಬಸ್ಸಿಗೆ ಓಡಿ ಹತ್ತಾಕೂ ಆಗಂಗಿಲ್ಲ ಯವ್ವಾ."

ನಗಿಸಲು ಹೇಳಿದ ಮಾತು. ಬಂಡೆಮ್ಮ ನಗಲಿಲ್ಲ. ಎದುರುಕಟ್ಟೆಯಲ್ಲಿ ಮೊರ ಹಿಡಿದು ಕೂತವಳೂ ನಗಲಿಲ್ಲ. ಬಂಡೆಮ್ಮ ಒಳಗೆ ಹೋಗಿ ಹಂಚಿನ ಮೇಲೆ ಭತ್ತದ ತೌಡು ಹುರಿದು, ಗಂಟು ಕಟ್ಟಿ ತಂದು ಕಾಲಿಗೆ ಕಾವು ಕೊಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಅವನ ರೆಪ್ಪೆಗೂದಲು ಇಷ್ಟು ಉದ್ದ ಎಂದು ಸರ್ವರಿ ಅವತ್ತು ನೋಡಿದಳು.

*

ಸಂಜೆ ಅಬ್ಬಾನಿಗೆ ಬುತ್ತಿ ಕೊಟ್ಟು ಬರುವುದು ಅವಳ ಇನ್ನೊಂದು ಕೆಲಸ. ಮಿಲ್ಲಿನ ಹಿಂದೆ ಕಾಲುವೆಯ ಕಡೆಗೆ ಒಂದು ಮಣ್ಣಿನ ದಾರಿ. ಭತ್ತದ ಲಾರಿಗಳು ಓಡಾಡಿ ಅಲ್ಲಿಯ ಮಣ್ಣು ಜರಡಿ ಹಿಡಿದ ಹಿಟ್ಟಿನಂತಾಗಿತ್ತು. ಕಾವು ಕೊಟ್ಟ ಆ ವಾರದಲ್ಲೇ ಒಂದು ಸಂಜೆ ಅವಳು ದೂರದಲ್ಲಿ ಖಾಜಾನನ್ನು ಕಂಡಳು. ನೋವು ಕಡಿಮೆಯಾಯಿತೋ ಇಲ್ಲವೋ ನೋಡಲು ಒಬ್ಬನೇ ಓಡುತ್ತಿದ್ದ. ನಾಲ್ಕು ಮಾರು ಓಡಿ, ನಿಂತು, ಮತ್ತೆ ಓಡಿ, ಕಾಲುವೆಯ ಏರಿ ಇಳಿದುಹೋದ.

ಅವನು ಹೋದ ಮೇಲೆ ಅವಳು ದಾರಿಗೆ ಬಂದಳು. ಹಿಟ್ಟಿನಂಥ ಮಣ್ಣಿನಲ್ಲಿ ಅವನ ಹೆಜ್ಜೆಗಳಿದ್ದವು. ಅವುಗಳ ಪಕ್ಕ ಮಿಲ್ಲಿನ ಹೆಂಗಸರ ಬರಿಗಾಲಿನ ಗುರುತು; ಬೆರಳು, ಪಾದ, ಹಿಮ್ಮಡಿ, ಎಲ್ಲ ತುಂಬಿ ಮೂಡಿದ್ದವು. ಬೂಟಿನವು ಮಾತ್ರ ಅರ್ಧಕ್ಕೇ ನಿಂತಿದ್ದವು. ಮುಂದಿನ ಅರ್ಧ ಆಳವಾಗಿ ಒತ್ತಿದೆ. ಹಿಂದೆ ಏನೂ ಇಲ್ಲ. ಲಾಳದ ಗುರುತು ಒಂದೆಡೆಯೂ ಇಲ್ಲ.

ಅಲ್ಲಿ ಮಲಗಿದವರು ಯಾರೂ ಇರಲಿಲ್ಲ. ಹೊಲ, ಕಾಲುವೆ, ಎರಡು ಕೊಕ್ಕರೆ.

ಸರ್ವರಿ ಬುತ್ತಿಯ ಗಂಟು ಹಿಡಿದು ಅಲ್ಲೇ ನಿಂತುಬಿಟ್ಟಳು. ತನ್ನ ಮನೆಯ ಮುಂದಿನ ಓಣಿಗೆಂದು ಎತ್ತಿದ ಹಿಮ್ಮಡಿಯನ್ನು ಅವನು ಊರಾಚೆಗೂ ಇಳಿಸಿಲ್ಲ. ಅಷ್ಟು ತೂಕದ ಬೂಟು, ಅಷ್ಟು ದೂರದ ಓಟ, ಎಲ್ಲವನ್ನೂ ಆ ಎರಡು ಮೀನಖಂಡಗಳೇ ಹೊತ್ತಿವೆ. ಡಾಕ್ಟರಿಗೆ ಅವನು ಇದನ್ನು ಹೇಳಿರಲಾರ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ಆ ಯಾಕೆಗೆ ಉತ್ತರ ತಾನು.

*

ಮರುದಿನ ಬೆಳಗ್ಗೆ ಅವಳು ಮೊರ ತೆಗೆದುಕೊಳ್ಳದೆ ಬರಿಗೈಯಲ್ಲಿ ನಿಂತಿದ್ದಳು. ಖಾಜಾ ಕುಂಟುತ್ತಲೇ ಓಡಿ ಬಂದ.

"ಒಂದು ಮಾತು."

ಅವನು ನಿಂತ. ನಿಂತಾಗಲೂ ಎಡ ಹಿಮ್ಮಡಿ ಗಾಳಿಯಲ್ಲೇ ಇತ್ತು.

"ಹಿಮ್ಮಡಿ ಊರ್ರಿ."

"ಆಂ?"

"ಹಿಮ್ಮಡಿ. ನೆಲಕ್ಕ ಊರ್ರಿ."

ಊರಿದ. ಹಲ್ಲು ಕಚ್ಚಿಕೊಂಡ.

"ನಿನ್ನೆ ಕಾಲುವಿ ಹಾದ್ಯಾಗ ನಿಮ್ಮ ಹೆಜ್ಜಿ ನೋಡಿದೆ. ಎಲ್ಲಾ ಅರ್ಧರ್ಧ. ಅಲ್ಲಿ ಯಾರ ನಿದ್ದಿ ಕೆಡ್ತಿತ್ತು?"

"ರೂಢಿ ಆಗೇದ್ರಿ," ಅಂದ, ನೆಲ ನೋಡುತ್ತ. "ಈಗ ಊರಿದ್ರನ ನೋವು."

"ನಾ ಒಂದು ಮಾತು ಅಂದಿದ್ದಕ್ಕ ಇಷ್ಟು..."

"ಮಾತಿಗಲ್ರಿ. ಮಾತು ಯಾರರ ಅಂತಾರ. ನೀವು ಆಮ್ಯಾಲ ನಕ್ಕಿದ್ರಿ."

ಸರ್ವರಿಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ಮಾತು ತನ್ನೊಳಗೆ ಎಲ್ಲಿತ್ತೋ.

"ಲಾಳ ಕೀಳಿಸಬೇಕಿತ್ತು."

"ಬೂಟು ಮಾಮಾನ ದೋಸ್ತಂದು. ಹೊಳ್ಳಿ ಕೊಡಬೇಕು."

"ಬ್ಯಾರೆ ಹಾದಿ ಹಿಡೀಬೇಕಿತ್ತು. ಮಾನ್ವ್ಯಾಗ ಇದೊಂದ ಓಣಿ ಅದ ಏನು?"

"ಓಣಿ ಭಾಳ ಅವ್ರಿ." ಅವನು ತಲೆ ಎತ್ತಿದ. "ಅಕ್ಕಿ ಆರಿಸೋರು ಇದೊಂದರಾಗ ಅದಾರ."

ಎದುರುಗಡೆ ಬಂಡೆಮ್ಮ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಎಮ್ಮೆ ಕೊರಳ ಗಂಟೆ ಅಲ್ಲಾಡಿಸಿತು. "ಏ ಸುಮ್ನ ನಿಂದ್ರು," ಎಂದು ಅದಕ್ಕೆ ಗದರಿಸಿದಳು, "ಮುಂದಿಂದು ಕೇಳಿಸವಲ್ದು ನನಗ!"

ಇಬ್ಬರಿಗೂ ನಾಚಿಕೆಯಾಗಿ ಒಬ್ಬೊಬ್ಬರು ಒಂದೊಂದು ಕಡೆ ನೋಡಿದರು. ಸರ್ವರಿ ಮೊದಲು ಚೇತರಿಸಿಕೊಂಡಳು.

"ನಾಳಿಯಿಂದ ಓಡಬ್ಯಾಡ್ರಿ. ನಡಕೊಂತ ಬರ್ರಿ. ಪೂರಾ ಹಿಮ್ಮಡಿ ಊರಿ, ಸಪ್ಪಳ ಆಗ್ಲಿ. ಡಾಕ್ಟರಿಗೆ ನಿಜ ಹೇಳ್ರಿ."

"ಅಬ್ಬಾ ಎದ್ರ?"

"ಅಬ್ಬಾಗ ನಾ ಹೇಳ್ತೀನಿ."

ಹೇಳಿದ ಮೇಲೆ ಭಯವಾಯಿತು. ಅಬ್ಬಾನ ಹತ್ತಿರ ಉಪ್ಪು ಹೆಚ್ಚಾಯಿತೇ ಎಂದು ಕೇಳುವುದಕ್ಕಿಂತ ದೊಡ್ಡ ಮಾತನ್ನು ಅವಳು ಆಡಿದ್ದೇ ಇಲ್ಲ.

*

ಮರುದಿನ ಅವಳು ಕಟ್ಟೆಗೆ ಹೋಗದೆ ಮಂಚದ ಪಕ್ಕ ಕೂತಳು. ಅಬ್ಬಾ ಎದ್ದ ಕೂಡಲೇ ಏನು ಹೇಳಬೇಕೆಂದು ತುಟಿಯೊಳಗೇ ಜೋಡಿಸಿಕೊಂಡಳು. ಓಣಿಯ ತುದಿಯಲ್ಲಿ ಸದ್ದು ಹುಟ್ಟಿತು. ಠಣ್... ಠಣ್... ನಿಧಾನವಾಗಿ, ಒಂದೊಂದೇ. ಮನೆಯ ಮುಂದೆ ಬಂತು. ಹೋಯಿತು.

ಅಬ್ಬಾ ಮಲಗಿಯೇ ಇದ್ದರು.

ಸುತ್ತು ತಿರುಗಿ ಮತ್ತೆ ಬಂತು. ಈ ಸಲ ಹೆಜ್ಜೆ ಗಟ್ಟಿಯಾಗಿತ್ತು. ಪರಸಿಗಲ್ಲು ಅದಿರಿತು. ಅಬ್ಬಾನ ಉಸಿರು ಏರುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ಆಶ್ಚರ್ಯದಿಂದ ಸರ್ವರಿ ಎದ್ದು ಹೋಗಿ ಕದ ತೆರೆದಳು. ಬಿಸಿಲು ಒಳಗೆ ಬಿತ್ತು. ಅಬ್ಬಾ ಮುಖ ಸಿಂಡರಿಸಿ, ಕಣ್ಣುಜ್ಜಿ, ಎದ್ದು ತಲೆ ಹಿಡಿದು ಕೂತರು.

"ಬೂಟಿನ ಸಪ್ಪಳಕ್ಕ ಎಚ್ಚರಾತೇನ್ರಿ ಅಬ್ಬಾ?" ಬಾಗಿಲಲ್ಲೇ ನಿಂತು ಕೇಳಿದಳು.

ಅವರು ಹಣೆಗೆ ಕೈ ಅಡ್ಡ ಹಿಡಿದರು. "ಕದ ಮುಚ್ಚು ಬೇಟಿ. ಬಿಸಿಲು ಕಣ್ಣಿಗೆ ಹೊಡೀತದ."

ಅವಳು ಇನ್ನೊಮ್ಮೆ ಕೇಳಿದಳು. ಆ ಮನೆಯಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ ಕೇಳಿದಳು.

"ಬೆಳಕಿಗೆ ನಿನ್ನ ಮುಖ ಕಾಣವಲ್ದು. ಹತ್ತರ ಬಾ. ಏನಂದಿ?"

ಅವಳು ಹತ್ತಿರ ಹೋಗಿ ಮಂಚದ ಮುಂದೆ ಕೂತಳು. ಅದೇ ಹೊತ್ತಿಗೆ ತೆರೆದ ಬಾಗಿಲಾಚೆ ಖಾಜಾ ಮೂರನೆಯ ಸಲ ಹಾದುಹೋದ. ಠಣ್, ಠಣ್, ಠಣ್. ಅಬ್ಬಾನ ಕಣ್ಣು ಬಾಗಿಲ ಕಡೆ ಹೊರಳಲಿಲ್ಲ. ಅವಳ ತುಟಿಯ ಮೇಲೇ ಇತ್ತು, ಮಾತಿಗೆ ಕಾಯುತ್ತ. ಯಾವಾಗಲೂ ಹೀಗೇ ನೋಡುತ್ತಿದ್ದರು. ಅದು ಮಮತೆ ಎಂದು ಅವಳು ತಿಳಿದಿದ್ದಳು.

"ಅಬ್ಬಾ," ಮೆಲ್ಲಗೆ ಕೇಳಿದಳು, "ಎಂದಿನಿಂದ?"

ಅವರು ಮಂಚದ ಅಂಚಿಗೆ ಸರಿದು ಕೂತರು.

"ನಿಮ್ಮ ಅಮ್ಮಿ ಇದ್ದಾಗನ ಚಾಲೂ ಆಗಿತ್ತು. ಬಾಯ್ಲರ್ ಮುಂದ ಕುಂತ ಕಿವಿ. ಆಕಿ ಹೋದಮ್ಯಾಲ ಪೂರಾ ಹೋತು. ಮಿಲ್ಲಿನ್ಯಾಗ ಎಲ್ಲಾರಿಗೂ ಗೊತ್ತದ. ಮಿಲ್ಲಿನ ಸೇಠ್ ನನ್ನ ಜೋಡಿಗೆ ಇನ್ನೊಬ್ಬನ್ನ ಕೊಟ್ಟಾರ."

"ನನಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ನೀ ಬಳಿ ಏರಿಸ್ಕೊಂಡು ಕಳ್ಳಹೆಜ್ಜಿ ಇಟ್ಟು ಓಡಾಡೋದು ಅರೆಗಣ್ಣಿನ್ಯಾಗ ನೋಡ್ತಿದ್ದೆ. ಸಾಲಿ ಬಿಟ್ಟು ನನ್ನ ನಿದ್ದಿ ಕಾಯಾಕತ್ತಿದ್ದಿ. ಅದರಿಂದ ಉಪಯೋಗ ಇಲ್ಲ ಬೇಟಿ ಅಂತ ಯಾವ ಬಾಯಿಂದ ಹೇಳ್ಲಿ?"

ಸರ್ವರಿ ಅವರ ಮೊಣಕಾಲಿಗೆ ಹಣೆ ಹಚ್ಚಿದಳು. ಅವರ ಕೈ ಅವಳ ತಲೆಯ ಮೇಲೆ ಬಂತು. ಸ್ವಲ್ಪ ಹೊತ್ತಾದ ಮೇಲೆ ಗದ್ದ ಹಿಡಿದು ಮುಖ ಎತ್ತಿದರು.

"ಯಾವುದೋ ಸಪ್ಪಳ ಅಂದಿಯಲ್ಲ?"

"ಓಣ್ಯಾಗ ಒಬ್ಬರು ನಡಿಯಾಕತ್ಯಾರ ಅಬ್ಬಾ."

"ಯಾರು?"

"ಯಾರೋ," ಅಂದಳು. ಕೆನ್ನೆ ಮಾತ್ರ ಬೇರೆ ಏನೋ ಹೇಳಿತು.

*

"ಅಬ್ಬಾಗ ಕಿವಿ ಕೇಳಂಗಿಲ್ಲ," ಎಂದು ಅವಳು ಹೇಳಿದಾಗ ಖಾಜಾ ಬಂಡೆಮ್ಮನ ಕಟ್ಟೆಯ ಮೇಲೆ ಕೂತುಬಿಟ್ಟ.

"ಮತ್ತ ಅವತ್ತು ಎದ್ದು ಕುಂತಿದ್ದು?"

"ನಾ ನಿಮ್ಮನ್ನ ನೋಡಾಕ ಕದ ತಗೀತಿದ್ದೆ. ಬಿಸಿಲು ಬೀಳ್ತಿತ್ತು."

ಅವನು ಲೆಕ್ಕ ಹಾಕುವವನಂತೆ ತನ್ನ ಕಾಲು ನೋಡಿದ, ಬಾಗಿಲು ನೋಡಿದ, ಸೂರ್ಯನನ್ನು ನೋಡಿದ. ನಗು ಅವನ ಹೊಟ್ಟೆಯಿಂದ ಹೊರಟಿತು. ಸರ್ವರಿಯೂ ನಕ್ಕಳು. ಓಢಣಿಯನ್ನು ಬಾಯಿಗೆ ಒತ್ತಿಕೊಳ್ಳುವ ಅಗತ್ಯ ಇರಲಿಲ್ಲ. ತನ್ನ ನಗುವಿಗೆ ಇಂಥ ದನಿ ಇದೆ ಎಂದು ಅವಳಿಗೂ ಗೊತ್ತಿರಲಿಲ್ಲ.

"ನಿಮ್ಮ ಕಾಲು ಸುಮ್ಸುಮ್ನ ಹೋತಲ್ರೀ," ಅಂದಳು, ಕಣ್ಣೊರೆಸಿಕೊಂಡು.

"ಸುಮ್ನ ಎಲ್ಲಿ ಹೋತು?" ಅಂದ ಖಾಜಾ.

ಡಾಕ್ಟರಿಗೆ ಅವನು ನಿಜ ಹೇಳಿದ, ಯಾಕೆ ಎನ್ನುವುದೊಂದನ್ನು ಬಿಟ್ಟು. ಬೂಟು ತೆಗಿ, ಎಣ್ಣೆ ಹಾಕಿ ತಿಕ್ಕುವುದು ಬಿಡು, ಮೊದಲು ಬರೀ ನಡಿ, ನೋವು ಬಂದಲ್ಲಿ ನಿಲ್ಲು ಅಂದರು. ಗೋಡೆಗೆ ಕೈಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಜಗ್ಗುವುದನ್ನು ತೋರಿಸಿಕೊಟ್ಟರು. ಅದಕ್ಕೆ ಅವನಿಗೆ ಸಿಕ್ಕ ಗೋಡೆ ಬಂಡೆಮ್ಮನದು. ಅಲ್ಲಿಂದ ನೆಟ್ಟಗೆ ಸರ್ವರಿಯ ಕಟ್ಟೆ ಕಾಣುತ್ತಿತ್ತು.

"ಏ ತಮ್ಮಾ, ಪೊಲೀಸ ಆಗೂದ್ರಾಗ ನನ್ನ ಗ್ವಾಡಿ ಕೆಡವಿ ಹೋಗ್ತಿ ಏನು?"

"ಬೀಳೋ ಗ್ವಾಡಿ ಅಲ್ಲ ಯವ್ವಾ, ನಿನ್ನಂಗ ಗಟ್ಟಿ ಅದ."

"ಗ್ವಾಡಿ ಕಡಿ ಮುಖ ಮಾಡಿ ನಿಂದ್ರು ಮತ್ತ. ಕುತ್ತಿಗಿ ಉಳುಕಿದ್ರ ಅದಕ್ಕೂ ತೌಡು ನಾನ ಹುರೀಬೇಕು."

ಸೈಕಲ್ ಸಾಮಾನು ತರಲು ರಾಯಚೂರಿಗೆ ಹೋದ ಜಿಲಾನಿ ಪಾಷಾ ಅಲ್ಲಿಯ ತೀನ್ ಕಂದೀಲ್ ಪೇಟೆಯಿಂದ ಕ್ಯಾನ್ವಾಸ್ ಶೂ ತಂದುಕೊಟ್ಟ. ಬೂಟು ಅದರ ಯಜಮಾನನಿಗೆ ಹೋಯಿತು. ನಡಿಗೆ ನಿಧಾನವಾಗಿ ಓಟವಾಯಿತು. ಕೆಲವು ದಿನ ನೋವು ಹಿಂದೆ ಬರುತ್ತಿತ್ತು. ಆಗ ಅವನು ನಿಲ್ಲುತ್ತಿದ್ದ, ಕಾಲುವೆಯ ತಣ್ಣನೆಯ ನೀರಿನಲ್ಲಿ ಮೊಣಕಾಲವರೆಗೆ ಇಳಿದು ಕೂರುತ್ತಿದ್ದ. ಸಂಜೆ ಬುತ್ತಿ ಕೊಡಲು ಹೋದಾಗ ಸರ್ವರಿ ಮಣ್ಣಿನ ದಾರಿ ನೋಡುತ್ತಿದ್ದಳು. ಶೂವಿನ ತುದಿ, ನಡು, ಹಿಮ್ಮಡಿ. ಎಲ್ಲ ತುಂಬಿ ಮೂಡಿರುತ್ತಿದ್ದವು. ಒಂದು ಸಂಜೆ ಯಾರೂ ಇಲ್ಲದ್ದು ನೋಡಿ, ಚಪ್ಪಲಿ ಕಳೆದು ಆ ಹೆಜ್ಜೆಯೊಂದರಲ್ಲಿ ತನ್ನ ಪಾದ ಇಟ್ಟು ನೋಡಿದಳು. ಸುತ್ತಲೂ ಜಾಗ ಉಳಿಯಿತು.

ಸೆಲೆಕ್ಷನ್ನಿಗೆ ಅವನು ಬೆಳಗಿನ ಬಸ್ಸಿಗೆ ಹೋದ. ಆ ದಿನ ಸರ್ವರಿ ಒಲೆಯ ಮೇಲೆ ಅನ್ನ ಸೀಯಿಸಿದಳು. ಅಬ್ಬಾ ಅದನ್ನೇ ಉಂಡರು.

ಮರುದಿನ ಅವನು ಓಡಲಿಲ್ಲ, ನಡೆದು ಬಂದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವನ ಮುಖ ನೋಡಿ ಸರ್ವರಿಗೆ ಏನೂ ತಿಳಿಯಲಿಲ್ಲ. ಅಷ್ಟು ಗಂಭೀರವಾಗಿತ್ತು.

"ಕೊನಿ ಸುತ್ತಿನ್ಯಾಗ ಎಡಗಾಲು ಹಿಡೀತ್ರಿ. ತುದಿಗಾಲಿಗೆ ಹೋಗ್ಲೇನು ಅನಿಸ್ತು. ನೀವು ಅಂದಂಗಾತು."

"ಏನಂತ?"

"ಹಿಮ್ಮಡಿ ಊರ್ರಿ, ಅಂತ." ಈಗ ನಕ್ಕ. "ಊರಿದೆ. ಆತು. ಟ್ರೇನಿಂಗಿಗೆ ಕರೀತಾರ."

ಅವಳು ಮೊರದೊಳಗಿನ ಅಕ್ಕಿಯನ್ನು ಸಮ ಮಾಡಿದಳು. ಮತ್ತೆ ಕದಡಿದಳು. ಮತ್ತೆ ಸಮ ಮಾಡಿದಳು.

"ಹೋಗೋದಕ್ಕಿಂತ ಮೊದಲ, ಈ ಶುಕ್ರವಾರ, ಗಬ್ಬೂರಿಂದ ಅಮ್ಮಿ ಬರ್ತಾಳ," ಅಂದ ಖಾಜಾ. ದನಿ ಸಣ್ಣದಾಗಿತ್ತು. "ನಿಮ್ಮ ಮನಿಗೆ ಕರಕೊಂಡು ಬರಬೇಕಂತ ಮಾಡೀನಿ. ನಿಮ್ಮ ಮನಸ್ಸು ಇದ್ರ ಅಷ್ಟ. ಇದ್ರ, ನೀವು ಮೊದಲ ಅಬ್ಬಾಗ ಹೇಳ್ರಿ. ನಿಮ್ಮ ಮನಸ್ಸಿಂದು ಅವರಿಗೆ ಇನ್ನೊಬ್ಬರ ಬಾಯಿಂದ ತಿಳೀಬಾರದು."

"ನನಗ ಅಷ್ಟು ಮಾತು ಬರಂಗಿಲ್ಲ."

"ಬರ್ತಾವ್ರಿ," ಅಂದ. "ನಾ ಕೇಳೀನಿ."

*

ಗುರುವಾರ ಮಧ್ಯಾಹ್ನ ಅಬ್ಬಾ ಕಿಟಕಿಯ ಕಡೆ ಮುಖ ಮಾಡಿ ಕೂತು ಗಡ್ಡ ಕತ್ತರಿಸಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಸಣ್ಣ ಕನ್ನಡಿ, ಬಲಗೈಯಲ್ಲಿ ಕತ್ತರಿ. ಸರ್ವರಿ ಹಿಂದೆ ಬಂದು ನಿಂತಳು. ಬೆಳಗಿನಿಂದ ಅವರ ಮುಂದೆ ಹೋಗಿ ಬಾಯಿ ತೆರೆದಾಗೆಲ್ಲ ಚಹಾ ಬೇಕೇ, ನೀರು ಕಾಯಿಸಲೇ ಎಂದು ಕೇಳಿ ಹಿಂದೆ ಬಂದಿದ್ದಳು. ಬೆನ್ನಿಗೆ ಹೇಳುವುದು ಸುಲಭ. ಬೆನ್ನಿಗೆ ಒಮ್ಮೆ ಹೇಳಿ ನಾಲಗೆಗೆ ರೂಢಿ ಮಾಡಿಕೊಂಡರೆ, ಆಮೇಲೆ ಮುಖಕ್ಕೆ ಹೇಳಬಹುದು ಎಂದುಕೊಂಡಳು.

"ಅಬ್ಬಾ," ಎಂದು ಅವರ ಬೆನ್ನಿಗೆ ಹೇಳಿದಳು. "ಓಣ್ಯಾಗ ಓಡ್ತಿದ್ದವರು ಖಾಜಾ ಅಂತ. ಜಿಲಾನಿ ಮಾಮೂ ತಂಗಿ ಮಗ. ನನ್ನ ಸಲುವಾಗಿ ಕಾಲು ನೋಯಿಸ್ಕೊಂಡ್ರು. ನನಗ ಅವರಂದ್ರ ಭಾಳ... ನನಗ ಮನಸದ."

ಕತ್ತರಿಯ ಸದ್ದು ನಿಂತಿತು.

ಸರ್ವರಿ ಕಣ್ಣೆತ್ತಿದಳು. ಕನ್ನಡಿ ಗಡ್ಡದಿಂದ ಸ್ವಲ್ಪ ವಾರೆಯಾಗಿತ್ತು. ಅದರೊಳಗಿಂದ ಅಬ್ಬಾನ ಕಣ್ಣುಗಳು ಅವಳ ತುಟಿಯನ್ನು ನೋಡುತ್ತಿದ್ದವು. ಎಷ್ಟು ಹೊತ್ತಿನಿಂದ ನೋಡುತ್ತಿದ್ದವೋ ತಿಳಿಯಲಿಲ್ಲ.

ಓಡಿಹೋಗಲು ಅಡಿಗೆಮನೆ ನಾಲ್ಕೇ ಹೆಜ್ಜೆ. ಅವಳು ಹೋಗಲಿಲ್ಲ. ಕನ್ನಡಿಗೆ ಚೆನ್ನಾಗಿ ಕಾಣುವಂತೆ ಒಂದು ಹೆಜ್ಜೆ ಬೆಳಕಿಗೆ ಸರಿದು, ಮುಖದ ಮೇಲಿನ ಓಢಣಿ ಹಿಂದಕ್ಕೆ ಸರಿಸಿ, ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು:

"ನಾಳೆ ಅವರ ಅಮ್ಮಿ ಬಂದು ಕೇಳಿದ್ರ, ಹೂಂ ಅನ್ರಿ ಅಬ್ಬಾ."